ಇದ್ದಷ್ಟೇ ದೊಡ್ಡದಾಗಿ

ನನ್ನ ಸೊಸೆಯ ಕಣ್ಣು ನಿಜವಾಗಿ ಎಷ್ಟು ದೊಡ್ಡದು ಎಂದು ಮದುವೆಯಾಗಿ ಆರೇಳು ವರ್ಷ ಕಳೆದ ಮೇಲೂ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವಳ ಕನ್ನಡಕದ ಗಾಜು ಅಷ್ಟು ದಪ್ಪ. ಅದರ ಹಿಂದೆ ಕಣ್ಣುಗಳು ಎರಡು ಹುರುಳಿಕಾಳಿನ ಹಾಗೆ ಕಾಣುತ್ತಿದ್ದವು. ಕನ್ನಡಕ ತೆಗೆದಾಗಲೆಲ್ಲ ಅವಳು ಕಣ್ಣು ಕಿರಿದು ಮಾಡಿಕೊಂಡೇ ಇರುತ್ತಿದ್ದಳು. ಎರಡೂ ಕಣ್ಣಿಗೆ ದೂರದ್ದು ಕಾಣದ ದೋಷ, ಮೈನಸ್ ಹದಿಮೂರು ಹದಿನಾಲ್ಕರ ಆಸುಪಾಸು. ಕುಂದೂರು ಕಡೆಯ ಬೇಸಾಯದ ಮನೆಯಲ್ಲಿ ಬೆಳೆದವಳು. ಮಗುವಿಗೆ ಕಾಣುತ್ತಿಲ್ಲ ಎಂದು ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ಅವಳು ಮೂರನೇ ಕ್ಲಾಸಿಗೆ ಬಂದಿದ್ದಳಂತೆ. ಅಷ್ಟರಲ್ಲಿ ಎಡಗಣ್ಣು ನೋಡುವ ಅಭ್ಯಾಸವನ್ನೇ ಅರ್ಧ ಬಿಟ್ಟುಬಿಟ್ಟಿತ್ತು.

ನಮ್ಮ ಮನೆ ಪಾಳ್ಯದಿಂದ ಬಾಳ್ಳುಪೇಟೆಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಒಂದಿಷ್ಟು ಗದ್ದೆ, ಅದರ ಮೇಲುಗಡೆ ಒಂದಿಷ್ಟು ಕಾಫಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಮಗ ಪಿಕಪ್ ಗಾಡಿ ಇಟ್ಟುಕೊಂಡು ಶುಂಠಿ, ಕಾಫಿ ಸಾಗಿಸುತ್ತಾನೆ. ಮಗ ಸೊಸೆಗೆ ಒಬ್ಬಳು ಮಗಳು. ಸೊಸೆ ಬಂದ ಎರಡನೇ ವರ್ಷವೇ ಹಿತ್ತಲಿನ ಬಯಲಿಗೆ ಹಸಿರು ನೆರಳುಬಲೆ ಕಟ್ಟಿಸಿ ನರ್ಸರಿ ಶುರುಮಾಡಿದಳು. ಕಾಫಿ ಸಸಿ, ಮೆಣಸಿನ ಬಳ್ಳಿ, ಸಿಲ್ವರ್ ಓಕ್. ಗಿಡ ಕೇಳಿಕೊಂಡು ಸಕಲೇಶಪುರದ ಆಚೆಯಿಂದಲೂ ಜನ ಬರತೊಡಗಿದರು.

ಆ ಕೆಲಸದಲ್ಲಿ ಅವಳ ಕಣ್ಣಿನ ದೋಷವೇ ಅವಳಿಗೆ ಒಂದು ಅನುಕೂಲವಾಗಿತ್ತು ಎಂದರೆ ನಂಬುವುದು ಕಷ್ಟ. ಕನ್ನಡಕ ತೆಗೆದರೆ ಅವಳಿಗೆ ತನ್ನ ಮೊಣಕೈ ಕೂಡ ಮಸುಕು. ಆದರೆ ಎಲೆಯೊಂದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೆ ಅದರ ಅಡಿಯ ನರದ ಮೇಲೆ ಹರಿದಾಡುವ ಸಸ್ಯಹೇನಿನ ಕಾಲುಗಳೂ ಕಾಣುತ್ತಿದ್ದವು. ನಮಗೆ ಬರೀ ಹಸಿರು ಕಾಣುವ ಕಡೆ ಅವಳು “ಇದಕ್ಕೆ ರೋಗ ಹತ್ತೈತೆ, ಬೇರೆ ಇಡಿ” ಎನ್ನುತ್ತಿದ್ದಳು. ಹಾಗೆಯೇ ಮುಳ್ಳು. ಅಂಗೈಗೆ ಮುಳ್ಳು ಮುರಿದುಕೊಂಡವರು, ತೋಟದಲ್ಲಿ ಉಣ್ಣೆ ಹುಳ ಕಚ್ಚಿಸಿಕೊಂಡವರು ನಮ್ಮ ಜಗಲಿಗೆ ಬರುತ್ತಿದ್ದರು. ಅವಳು ಕನ್ನಡಕ ಬದಿಗಿಟ್ಟು, ಅವರ ಬೆರಳನ್ನು ಕಣ್ಣಿನ ಹತ್ತಿರಕ್ಕೆ ತಂದು, ಸೂಜಿಯಿಂದ ಒಂದು ಸಲ ಮಾತ್ರ ಮೀಟಿ ತೆಗೆದುಬಿಡುತ್ತಿದ್ದಳು.

ಎಲೆ ನೋಡುವಾಗ ಕನ್ನಡಕವನ್ನು ಹತ್ತಿರದ ಬೆಂಚಿನ ಮೇಲೆ ಇಡುವುದು ಅವಳ ರೂಢಿ. ಚಳಿಗಾಲದ ಒಂದು ಬೆಳಗ್ಗೆಯೂ ಹಾಗೇ ಇಟ್ಟಿದ್ದಳು. ಮಂಜು ಇನ್ನೂ ಗದ್ದೆ ಬಿಟ್ಟಿರಲಿಲ್ಲ. ನಾನು ಹಿತ್ತಲ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಅವಳು ಸಸಿಗಳ ಸಾಲಿನ ನಡುವೆ ಒಂದು ಎಲೆ ಹಿಡಿದು ನೋಡುತ್ತಾ ಮುಂದಕ್ಕೆ ಹೋಗುತ್ತಿದ್ದಳು. ಬಲೆಯ ಆ ತುದಿಯಲ್ಲಿ ಒಂಟಿ ಆನೆ ನಿಂತಿತ್ತು.

ನಮ್ಮ ಕಡೆ ಆನೆ ಬರುವುದು ಹೊಸದಲ್ಲ. ಎಲ್ಲಿದೆ ಎಂದು ಅರಣ್ಯ ಇಲಾಖೆಯಿಂದ ಫೋನಿಗೆ ಮೆಸೇಜೂ ಬರುತ್ತದೆ. ಅಂದು ನಾವು ಯಾರೂ ಫೋನ್ ನೋಡಿರಲಿಲ್ಲ. ಅದು ಅಲುಗಾಡದೆ ನಿಂತಿತ್ತು, ಕಿವಿ ಮಾತ್ರ ಒಮ್ಮೆ ಆಡಿತು. ಸೊಸೆ ಅದರ ಕಡೆಗೇ ನಡೆಯುತ್ತಿದ್ದಳು. ಜೋರಾಗಿ ಕೂಗಿದರೆ ಅದು ಬೆಚ್ಚುತ್ತದೆ. ತರಗತಿಯಲ್ಲಿ ಹಿಂದಿನ ಬೆಂಚಿನವರಿಗೆ ಕೇಳಿಸುವಷ್ಟು ಮಾತ್ರ ದನಿ ಎತ್ತಿ ಹೇಳಿದೆ:

“ಮಗಾ, ಅಲ್ಲೇ ನಿಂತ್ಕೊ.”

“ಯಾಕತ್ತೆ?”

“ನಿನ್ನ ಮುಂದೆ ಆನೆ ಐತೆ. ಕಿರುಚಬೇಡ.”

ಅವಳು ನಿಂತಳು. ತಲೆ ಎತ್ತಿ ಆ ಕಡೆ ನೋಡಿದಳು. “ಆ ಬೂದಿ ಬಣ್ಣದ್ದಾ? ನಾನು ಟಾರ್ಪಾಲ್ ಮಡಚಿ ಇಟ್ಟವ್ರೆ ಅಂದ್ಕೊಂಡಿದ್ದೆ.”

“ತಿರುಗಬೇಡ. ಹಿಂದಿಂದಕ್ಕೇ ಬಾ. ನಾನು ಹೇಳ್ತಾ ಇರ್ತೀನಿ.”

ಕನ್ನಡಕ ಇದ್ದ ಬೆಂಚು ಪಕ್ಕದ ಸಾಲಿನಲ್ಲಿ, ಆನೆಯ ಕಡೆಗಿತ್ತು. ಅವಳು ಅದರ ಆಸೆ ಬಿಟ್ಟು, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಾ ಬಂದಳು. “ಎಡಗಡೆ ಪೈಪ್ ಐತೆ, ಕಾಲೆತ್ತು. ಹ್ಞಾಂ, ಬಾ. ಇನ್ನೊಂಚೂರು.” ಅವಳ ಹೆಜ್ಜೆ ಎಲ್ಲೂ ತಪ್ಪಲಿಲ್ಲ. ಬಾಗಿಲ ಹತ್ತಿರ ಬಂದ ಕೂಡಲೇ ರಟ್ಟೆ ಹಿಡಿದು ಒಳಗೆಳೆದುಕೊಂಡು ಚಿಲಕ ಹಾಕಿದೆ. ಆನೆ ಬಲೆಯ ಒಂದು ಕಂಬ ಬೀಳಿಸಿ, ಬೇಲಿಯ ಪಕ್ಕದ ಬಾಳೆ ಎರಡು ಮುರಿದುಕೊಂಡು, ತನ್ನ ಪಾಡಿಗೆ ತಾನು ಗದ್ದೆ ದಾಟಿ ಹೋಯಿತು.

ಅಂದು ಮಧ್ಯಾಹ್ನ ಅವಳು ಊಟಕ್ಕೆ ಕುಳಿತವಳು ತುತ್ತು ಎತ್ತಲಿಲ್ಲ.

“ಭಯ ಆಯ್ತಾ?” ಎಂದೆ.

“ಆನೆಗೆ ಭಯ ಬೀಳಕ್ಕೆ ನಂಗೆ ಆನೆ ಕಂಡಿದ್ರಲ್ಲವಾ ಅತ್ತೆ? ಮಗು ದಿನಾ ನನ್ನ ಹಿಂದೇನೆ ಬರುತ್ತೆ. ಇವತ್ತು ಎದ್ದಿರಲಿಲ್ಲ, ಸರಿ. ಜೊತೇಲಿ ಇದ್ದಿದ್ರೆ, ಆನೆ ಐತೆ ಅಂತ ಐದು ವರ್ಷದ ಕೂಸೇ ನಂಗೆ ಹೇಳಬೇಕಿತ್ತು.”

ಮರುವಾರ ನಾವಿಬ್ಬರೂ ಹಾಸನದ ಕಣ್ಣಿನ ಡಾಕ್ಟರ ಮುಂದೆ ಕುಳಿತಿದ್ದೆವು. ಕಾಲೇಜಿನಲ್ಲಿದ್ದಾಗ ಅವಳು ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನೋಡಿ ಕಣ್ಣು ಕೆಂಪಾಗಿ ಬಿಟ್ಟಿದ್ದಳು. ದಿನವಿಡೀ ಮಣ್ಣು ಗೊಬ್ಬರದಲ್ಲಿ ಆಡುವ ಕೈಗೆ ಅದು ಹೇಳಿ ಮಾಡಿಸಿದ್ದೂ ಅಲ್ಲ. ಲೇಸರ್ ಮಾಡಿಸಬಹುದೇ ಎಂದು ಕೇಳಿದಳು. ಪವರ್ ಬಹಳ ಹೆಚ್ಚು, ಕಣ್ಣಿನ ಮುಂದಿನ ಪದರ ತೆಳ್ಳಗಿದೆ, ಕೆರೆದು ತೆಗೆಯುವಷ್ಟು ಅಲ್ಲಿಲ್ಲ ಎಂದರು ಡಾಕ್ಟರು. ಇನ್ನೊಂದು ದಾರಿ ಇದೆ. ಕಣ್ಣಿನೊಳಗೇ ಒಂದು ತೆಳುವಾದ ಲೆನ್ಸ್ ಇಡುವುದು.

“ನನಗೂ ಇಟ್ಟಿದ್ದಾರಲ್ಲ, ಅದೇನಾ?” ಎಂದೆ. ಎರಡು ವರ್ಷದ ಹಿಂದೆ ನನಗೆ ಪೊರೆಯ ಆಪರೇಷನ್ ಆಗಿತ್ತು.

ಡಾಕ್ಟರು ನಕ್ಕರು. “ನಿಮ್ಮದರಲ್ಲಿ ಹಳೆಯ ಲೆನ್ಸ್ ತೆಗೆದು ಹೊಸದು ಇಟ್ಟಿದ್ದು. ಇವರದ್ದರಲ್ಲಿ ಯಾವುದನ್ನೂ ತೆಗೆಯಲ್ಲ. ಇವರ ಸ್ವಂತ ಲೆನ್ಸ್ ಹಾಗೇ ಇರುತ್ತೆ, ಅದರ ಮುಂದೆ ಇನ್ನೊಂದು ಸೇರಿಸೋದು. ಮುಂದೆ ತೊಂದರೆ ಆದರೆ ಹೊರಗೆ ತೆಗೀಬಹುದು.”

ನಾನು ಸಮಾಧಾನದಿಂದ ಎದ್ದುಬಿಡುತ್ತಿದ್ದೆನೇನೋ. ಸೊಸೆ ಏಳಲಿಲ್ಲ. ಏನೇನು ಕೆಡಬಹುದು ಎಂದು ಕೇಳಿದಳು. ಕಣ್ಣಿನ ಒತ್ತಡ ಏರಬಹುದು, ಪೊರೆ ಬೇಗ ಬರಬಹುದು, ಅಪರೂಪಕ್ಕೆ ಸೋಂಕು ಎಂದರು. ಕಣ್ಣು ಉದ್ದವಾಗಿ ಬೆಳೆದು ಹಿಂದಿನ ಪರದೆ ತೆಳ್ಳಗಾಗಿರುವುದು ಇದರಿಂದ ಸರಿಹೋಗುವುದಿಲ್ಲ, ಅದಕ್ಕೆ ವರ್ಷ ವರ್ಷವೂ ಪರೀಕ್ಷೆ ಬೇಕೇ ಬೇಕು ಎಂದರು. ಅವಳು ಎಡಗಣ್ಣಿನ ಬಗ್ಗೆ ಕೇಳಿದಳು.

“ಕನ್ನಡಕದಲ್ಲಿ ಈಗ ಎಷ್ಟು ಕಾಣುತ್ತೋ ಅಷ್ಟು ಕಾಣುತ್ತೆ. ಒಂದೆರಡು ಸಾಲು ಹೆಚ್ಚು ಓದಬಹುದು. ಪೂರ್ತಿ ಆಗುತ್ತೆ ಅಂತ ನಾನು ಮಾತು ಕೊಡಲ್ಲ.”

ಅವಳ ಕೊನೆಯ ಪ್ರಶ್ನೆ ಡಾಕ್ಟರೂ ನಿರೀಕ್ಷಿಸಿರಲಿಲ್ಲ ಎನಿಸುತ್ತದೆ. “ಕನ್ನಡಕ ತೆಗೆದು ಎಲೆ ಹತ್ತಿರ ಹಿಡಿದ್ರೆ ನಂಗೆ ಹುಳದ ಕಾಲೂ ಕಾಣುತ್ತೆ ಡಾಕ್ಟ್ರೇ. ಅದು ಇರುತ್ತಾ?”

“ಅದು ಹೋಗುತ್ತೆ,” ಎಂದರು ಅವರು. “ಎಲ್ಲರ ಹಾಗೆ ಆಗ್ತೀರಿ.”

ಬಸ್ಸು ಆಲೂರು ದಾಟಿತು. ಆಮೇಲೆ, “ಮಾಡಿಸ್ತೀನಿ ಅತ್ತೆ,” ಎಂದಳು. ಅಷ್ಟೇ. ಊರಲ್ಲಿ ಸುದ್ದಿ ಹರಡಿ ಬೇಡ ಎನ್ನುವವರೇ ಹೆಚ್ಚಾದರು. ಇರೋ ಕಣ್ಣನ್ನ ಕೆಡಿಸ್ಕೋಬೇಡ ಎಂದರು. ಮುಳ್ಳು ಯಾರು ತೆಗೀತಾರೆ ಎಂದು ಕೇಳಿದವರೂ ಉಂಟು. ಮಗ ಮಾತ್ರ, “ಅವಳ ಕಣ್ಣು, ಅವಳಿಗೆ ಬಿಟ್ಟಿದ್ದು,” ಎಂದು ಎಲ್ಲರ ಬಾಯಿ ಮುಚ್ಚಿಸಿದ.

ಆಪರೇಷನ್ ಆಗಿದ್ದು ಹಾಸನದ ಡಾಕ್ಟರು ಹೇಳಿಕಳಿಸಿದ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಮೊದಲು ಹೋಗಿ ಅಳತೆ ಕೊಟ್ಟು ಬಂದಳು. ಆ ಅಳತೆಗೆ ಲೆನ್ಸ್ ತಯಾರಾಗಿ ಬರಲು ವಾರಗಳು ಹಿಡಿದವು. ಮಗ ಮಗುವನ್ನೂ ಸಸಿಗಳನ್ನೂ ನೋಡಿಕೊಳ್ಳಲು ನಿಂತ, ನಾನು ಅವಳ ಜೊತೆ ಘಾಟಿ ಇಳಿದೆ. ಬಲಗಣ್ಣಿಗೆ ಮೊದಲು, ಮರುದಿನ ಎಡಗಣ್ಣಿಗೆ ಎಂದು ತೀರ್ಮಾನವಾಗಿತ್ತು. ಬರೀ ಔಷಧದ ಹನಿ ಹಾಕಿ ಕಣ್ಣು ಮರಗಟ್ಟಿಸುತ್ತಾರೆ, ಮಾಡಿಸಿಕೊಳ್ಳುವವರು ಎಚ್ಚರವಾಗಿಯೇ ಇರುತ್ತಾರೆ. ಒಳಗೆ ಹೋದವಳು ನಾನು ಹೊರಗೆ ಎರಡು ಸಲ ಪಂಚಾಕ್ಷರಿ ಜಪಕ್ಕೆ ಕುಳಿತು ಏಳುವಷ್ಟರಲ್ಲಿ ಹೊರಗೆ ಬಂದಿದ್ದಳು. ನೋವಾಯಿತೇ ಎಂದು ಕೇಳಿದ್ದಕ್ಕೆ, “ಒತ್ತಿದಂಗಾಯ್ತು. ಒಂದು ಬೆಳಕು ಮಡಚ್ಕೊಂಡು ಬಂದು ಒಳಗೆ ಬಿಚ್ಕೊಂಡಂಗೆ,” ಎಂದಳು.

ಸಂಜೆಯ ಹೊತ್ತಿಗೆ ಅಲ್ಲಿನ ಡಾಕ್ಟರು ಬಲಗಣ್ಣಿನ ಮುಚ್ಚಳ ತೆಗೆದು ಒತ್ತಡ ನೋಡಿದರು. ನಾನು ಅವಳ ಎದುರಿನ ಕುರ್ಚಿಯಲ್ಲಿದ್ದೆ. ಅವಳು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನನ್ನು ನೋಡಿದಳು. ನೋಡುತ್ತಲೇ ಇದ್ದಳು. ಬಾಯಿ ಸ್ವಲ್ಪ ತೆರೆದಿತ್ತು.

“ಅತ್ತೆ, ನೀವು ಇಷ್ಟು ದೊಡ್ಡೋರಾ?”

ನನಗೆ ಅರ್ಥವಾಗಲಿಲ್ಲ. ಅವಳು ನನ್ನ ಕೈ ಎಳೆದುಕೊಂಡು ತನ್ನ ಅಂಗೈ ಮೇಲಿಟ್ಟು ಹೋಲಿಸಿದಳು. “ನಿಮ್ಮ ಕೈ ಇಷ್ಟು ಅಗಲ ಐತೆ! ಆ ಬಾಗಿಲು ನೋಡಿ. ಬೆಳಿಗ್ಗೆ ನಾನು ಅದರಲ್ಲೇ ಒಳಗೆ ಬಂದಿದ್ದಾ?”

ಡಾಕ್ಟರಿಗೆ ಇದು ಪರಿಚಿತ. ಅಷ್ಟು ಪವರಿನ ಕನ್ನಡಕ ಎಲ್ಲವನ್ನೂ ಚಿಕ್ಕದು ಮಾಡಿ ತೋರಿಸುತ್ತದೆ, ಇವರು ಚಿಕ್ಕಂದಿನಿಂದ ಲೋಕವನ್ನು ನೋಡಿದ್ದೆಲ್ಲ ಹಾಗೆಯೇ, ಈಗ ಇದ್ದಷ್ಟೇ ದೊಡ್ಡದಾಗಿ ಕಾಣುತ್ತಿದೆ ಎಂದರು. ಇಷ್ಟು ವರ್ಷ ನನ್ನ ಎದುರು ಕುಳಿತು ಉಂಡವಳಿಗೆ ನಾನು ಒಂದು ಗೇಣು ಚಿಕ್ಕವಳಾಗಿ ಕಾಣುತ್ತಿದ್ದೆನಲ್ಲ ಎಂದು ನನಗೆ ನಗು ಬಂತು. ಅವಳಂತೂ ಆ ಕೋಣೆಯಲ್ಲಿದ್ದ ಫ್ಯಾನು, ಬಕೆಟ್ಟು, ನೀರಿನ ಬಾಟಲಿ ಎಲ್ಲವನ್ನೂ ಸರದಿಯಲ್ಲಿ ನೋಡಿ ಮೆಚ್ಚಿದಳು.

ಎರಡೂ ಕಣ್ಣು ಮುಗಿಸಿ, ಪರೀಕ್ಷೆ ಮುಗಿಸಿ ಊರಿಗೆ ಬಂದಾಗ ಬಾಳ್ಳುಪೇಟೆಗೆ ಮಗ ಗಾಡಿ ತಂದಿದ್ದ. ಮೊಮ್ಮಗಳು ಮುಂದಿನ ಸೀಟಿನಿಂದ ಇಳಿದು ಓಡಿಬಂದವಳು ಅಮ್ಮನ ಮುಂದೆ ತಟ್ಟನೆ ನಿಂತಳು. “ಅಮ್ಮಂಗೆ ದೊಡ್ಡ ಕಣ್ಣು ಹಾಕವ್ರೆ!” ಎಂದು ಕೂಗಿದಳು. ನಿಜವಾಗಿಯೂ ದೊಡ್ಡ ಕಣ್ಣುಗಳು. ರೆಪ್ಪೆ ಉದ್ದ, ಬಣ್ಣ ತಿಳಿ ಕಂದು. ಅವು ಮೊದಲಿನಿಂದ ಅಲ್ಲೇ ಇದ್ದವು, ನಾವು ನೋಡಿರಲಿಲ್ಲ. ಎಲ್ಲರೂ ಗಾಡಿ ಹತ್ತಿ ಕುಳಿತ ಮೇಲೂ ಮಗ ಗೇರ್ ಹಾಕುವುದನ್ನು ಬಿಟ್ಟು ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ.

“ಏನ್ ಹಂಗ್ ನೋಡ್ತೀರಿ? ರಸ್ತೆ ನೋಡ್ರಿ.”

“ಏನಿಲ್ಲ ಮಾರಾಯ್ತಿ,” ಎಂದ ಅವನು. ಕಿವಿ ಕೆಂಪಾಗಿತ್ತು.

ಮೊದಲ ವಾರಗಳು ಅವಳಿಗೆ ಕಷ್ಟವಾದವು. ಮುಖಕ್ಕೆ ನೀರು ತಾಕಿಸುವಂತಿಲ್ಲ, ಮಣ್ಣು ಮುಟ್ಟುವಂತಿಲ್ಲ, ಭಾರ ಎತ್ತುವಂತಿಲ್ಲ. ಹಣೆಯ ವಿಭೂತಿಯ ಪುಡಿ ಉದುರಿ ಕಣ್ಣಿಗೆ ಬಿದ್ದರೆ ಎಂದು ನಾನು ಅವಳ ತೋಳಿಗೆ ಮಾತ್ರ ಹಚ್ಚುತ್ತಿದ್ದೆ. ನರ್ಸರಿಯನ್ನು ದೂರದಲ್ಲಿ ಕುರ್ಚಿ ಹಾಕಿಕೊಂಡು ನೋಡಬೇಕಾಗಿತ್ತು. ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಳ್ಳುವುದು, ಬೆಳಿಗ್ಗೆ ಎದ್ದಕೂಡಲೇ ದಿಂಬಿನ ಪಕ್ಕ ತಡಕಾಡುವುದು ಬಹಳ ದಿನ ಮುಂದುವರಿಯಿತು. ಸಂಜೆ ಹೆದ್ದಾರಿಯಲ್ಲಿ ಬರುವ ಲಾರಿಗಳ ದೀಪದ ಸುತ್ತ ಅವಳಿಗೆ ಬೆಳಕಿನ ಬಳೆಗಳು ಕಾಣುತ್ತಿದ್ದವು. “ಒಂದೊಂದು ಲಾರಿಗೂ ಎರಡೆರಡು ಬಳೆ ತೊಡಿಸವ್ರೆ,” ಎನ್ನುತ್ತಿದ್ದಳು. ಡಾಕ್ಟರನ್ನು ಕೇಳಿದಾಗ ದಿನ ಹೋದಂತೆ ಕಡಿಮೆಯಾಗುತ್ತದೆ ಎಂದರು. ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ನಮ್ಮ ಸುತ್ತಿನಲ್ಲಿ ಅವಳಿಗೆ ಅಹಂಕಾರಿ ಎಂಬ ಹೆಸರಿತ್ತು. ದೂರದಿಂದ ಕೈ ಬೀಸಿದರೆ ತಿರುಗಿ ನೋಡುವುದಿಲ್ಲ, ನಗುವುದಿಲ್ಲ ಎಂದು. ಕನ್ನಡಕ ಇದ್ದಾಗಲೂ ಅವಳಿಗೆ ಗದ್ದೆಯ ಆಚೆ ಇರುವ ಮುಖ ಗುರುತಾಗುತ್ತಿರಲಿಲ್ಲ ಎಂಬುದನ್ನು ಅವಳು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಈಗ ಜಗಲಿಯಲ್ಲಿ ಕುಳಿತು, ಬದುವಿನ ಮೇಲೆ ಬರುವವರನ್ನು ನಡಿಗೆಯಿಂದಲೇ ಗುರುತು ಹಿಡಿದು ಮೊದಲು ಅವಳೇ ಕೈ ಎತ್ತುತ್ತಿದ್ದಳು. ಒಬ್ಬರು ನನ್ನನ್ನು ಬದಿಗೆ ಕರೆದು, “ಏನ್ರಮ್ಮ, ಆಪರೇಷನ್ ಮಾಡಿಸಿದ ಮೇಲೆ ಗುಣಾನೂ ಒಳ್ಳೇದಾಗ್ಬುಟ್ಟೈತೆ,” ಎಂದರು. ಅವಳಿಗೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನರ್ಸರಿಗೆ ಇಳಿದ ಮೊದಲ ದಿನ ನಾನು ಜೊತೆಗಿದ್ದೆ. ಅಭ್ಯಾಸಬಲದಿಂದ ಒಂದು ಎಲೆ ಕಿತ್ತು ಮೂಗಿನ ಹತ್ತಿರ ತಂದಳು. ತಡೆದಳು. ಸ್ವಲ್ಪ ದೂರ ಹಿಡಿದಳು, ಮತ್ತೆ ಹತ್ತಿರ ತಂದಳು. ಹತ್ತಿರ ಬಂದಷ್ಟೂ ಎಲೆ ಮಂಜಾಗುತ್ತಿತ್ತು.

“ಹೋಯ್ತು ಅತ್ತೆ,” ಎಂದಳು.

ಅವಳು ಎಲೆಯನ್ನು ಬಿಸಾಡದೆ ಕೆಲಸದ ಅಂಗಿಯ ಜೇಬಿಗೆ ಹಾಕಿಕೊಂಡಳು. ಅದೇ ವಾರ ಒಬ್ಬ ಹೆಂಗಸು ಬೆರಳಿಗೆ ಮುಳ್ಳು ಮುರಿದುಕೊಂಡು ಬಂದಾಗ, ಸೂಜಿ ಹಿಡಿದು ಕುಳಿತವಳು ಸ್ವಲ್ಪ ಹೊತ್ತು ನೋಡಿ, “ನಂಗೆ ಕಾಣ್ತಿಲ್ಲ ಕಣ್ರೀ. ಸುಮ್ನೆ ಚುಚ್ಚಿ ನೋಯಿಸೋದು ಬ್ಯಾಡ,” ಎಂದು ಆಸ್ಪತ್ರೆಗೆ ಕಳಿಸಿದಳು. ಕಾಣುವ ಹಾಗೆ ನಟಿಸಬಹುದಿತ್ತು.

ಆಮೇಲೆ ಅವಳು ಮಾಡಿದ್ದನ್ನು ನಾನು ಈಗಲೂ ಬಂದವರಿಗೆಲ್ಲ ಹೇಳುತ್ತೇನೆ. ಸಕಲೇಶಪುರಕ್ಕೆ ಹೋಗಿ, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಭೂತಗನ್ನಡಿ ತಂದಳು. ಮೊದಮೊದಲು ಅದು ಹುಬ್ಬಿನಿಂದ ಜಾರಿ ಗೊಬ್ಬರದ ಬುಟ್ಟಿಗೆ ಬೀಳುತ್ತಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಎಲೆಗಳನ್ನು ಗುಡ್ಡೆ ಹಾಕಿಕೊಂಡು, ಎಷ್ಟು ದೂರದಲ್ಲಿ ಹಿಡಿದರೆ ಏನು ಕಾಣುತ್ತದೆ ಎಂದು ಪದೇಪದೇ ನೋಡುತ್ತಿದ್ದಳು. ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಹುಳ ಹಿಡಿದಳು, ಮತ್ತೆ ಮುಳ್ಳು ತೆಗೆದಳು. “ಮೊದಲಿನಷ್ಟು ಚೆನ್ನಾಗಿಲ್ಲ,” ಎಂದು ತಾನೇ ಹೇಳುತ್ತಿದ್ದಳು. ನನಗೆ ವ್ಯತ್ಯಾಸ ತಿಳಿಯಲಿಲ್ಲ. ಅವಳಿಗೆ ತಿಳಿಯುತ್ತಿತ್ತು.

ಆ ನಡುವೆ ಸ್ಕೂಟರ್ ಕಲಿತಳು. ಲೈಸೆನ್ಸಿನ ಪರೀಕ್ಷೆ ಪಾಸಾದ ದಿನ ಅವಳು ಮಾಡಿದ ಮೊದಲ ಕೆಲಸ, ಮೆಣಸಿನ ಸಸಿಗಳ ಚೀಲವನ್ನು ಮುಂದೆ ಇಟ್ಟುಕೊಂಡು, ಯಾರ ಜೊತೆಯೂ ಇಲ್ಲದೆ ಕುಂದೂರಿನ ತಾಯಿಯ ಮನೆಗೆ ಹೋಗಿ ಬಂದದ್ದು. ಬಂದವಳು ದಾರಿಯನ್ನೆಲ್ಲ ವರ್ಣಿಸಿದಳು: ಯಾವ ತಿರುವಿನಲ್ಲಿ ಯಾರ ರಾಗಿ ಕೊಯ್ಲಾಗಿದೆ, ಯಾರ ಮನೆಗೆ ಹೊಸ ಬಣ್ಣ ಬಳಿದಿದ್ದಾರೆ. ಚಿಕ್ಕಂದಿನಿಂದ ಓಡಾಡಿದ ದಾರಿಯದು.

ವರ್ಷದ ಪರೀಕ್ಷೆಗೆ ನಾವು ಮತ್ತೆ ಮಂಗಳೂರಿಗೆ ಹೋದೆವು. ಗೋಡೆಯ ಮೇಲಿನ ಅಕ್ಷರಗಳನ್ನು ಬಲಗಣ್ಣಿನಲ್ಲಿ ಕೊನೆಯ ಸಾಲಿನವರೆಗೆ ಸರಾಗವಾಗಿ ಓದಿದಳು. ಎಡಗಣ್ಣು ಮೊದಲು ಕನ್ನಡಕದಲ್ಲಿ ಓದುತ್ತಿದ್ದುದಕ್ಕಿಂತ ಎರಡು ಸಾಲು ಕೆಳಗಿಳಿದು ನಿಂತಿತು. ಮುಂದಿನ ಸಾಲಿಗೆ ಅವಳು ಊಹಿಸಿ ಹೇಳಲಿಲ್ಲ. “ಇಷ್ಟೇ ಡಾಕ್ಟ್ರೇ,” ಎಂದಳು. ಒತ್ತಡ ಸರಿಯಾಗಿತ್ತು, ಲೆನ್ಸ್ ಇಟ್ಟಲ್ಲೇ ಇತ್ತು. ಹಿಂದಿನ ಪರದೆ ನೋಡಲು ಕಣ್ಣಿನ ಪಾಪೆ ಅಗಲವಾಗಬೇಕು ಎಂದು ಹನಿ ಹಾಕಿ ಹೊರಗೆ ಕೂರಿಸಿದರು.

ಹೊರಗಿನ ಬೆಂಚಿನಲ್ಲಿ ಘಾಟಿಯ ಮೇಲಿನ ಕಡೆಯವರೇ ಒಬ್ಬ ತಾಯಿ, ಕಾಲೇಜು ಓದುವ ಮಗಳ ಜೊತೆ ಕುಳಿತಿದ್ದರು. ಮಗಳ ಕನ್ನಡಕ ಸೊಸೆಯ ಹಳೆಯ ಕನ್ನಡಕದಷ್ಟೇ ದಪ್ಪ. ಮಾತು ಬೆಳೆದು ಇವಳಿಗೂ ಅದೇ ಆಪರೇಷನ್ ಆಗಿದೆಯೆಂದು ತಿಳಿದಾಗ ಆ ತಾಯಿ ಇವಳ ಕೈಯನ್ನೇ ಹಿಡಿದುಕೊಂಡರು.

“ಹೆಂಗೈತೆ ಈಗ? ಎಲ್ಲಾ ಸರಿ ಕಾಣುತ್ತಾ?”

ನಾನಾಗಿದ್ದರೆ ಹೌದು ಎಂದುಬಿಡುತ್ತಿದ್ದೆ. ಆ ತಾಯಿಗೆ ಬೇಕಾಗಿದ್ದದ್ದು ಅದೇ. ಸೊಸೆ ತಾಯಿಯನ್ನು ಬಿಟ್ಟು ಮಗಳ ಕಡೆ ತಿರುಗಿ ಕುಳಿತಳು.

“ನಂಗೆ ಬಲಗಣ್ಣು ಪೂರ್ತಿ ಬಂದೈತೆ. ಎಡಗಣ್ಣು ಅಷ್ಟು ಬಂದಿಲ್ಲ, ಅದು ಚಿಕ್ಕಂದಿನಿಂದ ಹಂಗೇನೆ. ಕತ್ತಲಾದ ಮೇಲೆ ಲೈಟಿನ ಸುತ್ತ ಬಳೆ ಕಾಣುತ್ತೆ, ಅದುಕ್ಕೆ ಆ ಹೊತ್ತಲ್ಲಿ ನಾನು ಸ್ಕೂಟರ್ ಓಡಿಸಲ್ಲ. ನೀನು ಕನ್ನಡಕ ತೆಗೆದು ಹತ್ತಿರ ಹಿಡಿದು ನೋಡ್ತೀಯಲ್ಲ, ಸಣ್ಣ ಸಣ್ಣದೆಲ್ಲ ಕಾಣುತ್ತಲ್ಲ?”

ಹುಡುಗಿ ತಲೆಯಾಡಿಸಿದಳು. ಅದನ್ನು ಅವಳಿಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ.

“ಅದು ಹೋಗುತ್ತೆ. ನಂಗೆ ಒಂದು ಹದಿನೈದು ದಿನ ದುಃಖ ಆಯ್ತು. ಮತ್ತೆ ವರ್ಷ ವರ್ಷ ಹಿಂಗೆ ಬಂದು ಹನಿ ಹಾಕಿಸ್ಕೊಂಡು ಕೂರಬೇಕು. ಅದು ತಪ್ಪೋದಿಲ್ಲ.”

“ಹಂಗಾದ್ರೆ ಮಾಡಿಸ್ಕೊಂಡಿದ್ದಕ್ಕೆ ಬೇಜಾರೈತಾ?” ಎಂದಳು ಹುಡುಗಿ ಮೆಲ್ಲಗೆ.

“ಇಲ್ಲಮ್ಮ,” ಎಂದಳು ಸೊಸೆ. “ನನ್ನ ಮಗಳ ಮುಖ ಎಷ್ಟು ದೊಡ್ಡದು ಅಂತ ನಂಗೆ ಗೊತ್ತಿರಲಿಲ್ಲ. ಅದನ್ನ ನೋಡ್ಬೇಕಿತ್ತು ಅಂತಾನೂ ಆವಾಗ ಗೊತ್ತಿರಲಿಲ್ಲ.”

ಇಷ್ಟು ವರ್ಷ ಪಾಠ ಹೇಳಿದ ನಾನು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದೆ. ಸಿಕ್ಕಿದ್ದನ್ನು ಅವಳು ಹೆಚ್ಚು ಮಾಡಿ ಹೇಳಲಿಲ್ಲ, ಹೋದದ್ದನ್ನು ಮುಚ್ಚಿಡಲಿಲ್ಲ. ಅವಳ ಬಗ್ಗೆ ನನಗಿದ್ದ ಮೆಚ್ಚುಗೆ ಆ ಬೆಂಚಿನ ಮೇಲೆ ಗೌರವವಾಯಿತು. ಹುಡುಗಿಯ ಹೆಸರು ಕರೆದರು, ತಾಯಿ ಮಗಳು ಎದ್ದು ಒಳಗೆ ಹೋದರು. ಅವಳು ಆಮೇಲೆ ಮಾಡಿಸಿಕೊಂಡಳೋ ಇಲ್ಲವೋ ನಮಗೆ ತಿಳಿಯದು.

ಸೊಸೆಯ ಹಿಂದಿನ ಪರದೆ ಹೋದ ಸಲದಂತೆಯೇ ಇದೆ, ಮುಂದಿನ ವರ್ಷ ಬನ್ನಿ ಎಂದರು. ಹನಿಯ ಪರಿಣಾಮದಿಂದ ಮಧ್ಯಾಹ್ನದ ಬಿಸಿಲು ಅವಳ ಕಣ್ಣಿಗೆ ಚುಚ್ಚುತ್ತಿತ್ತು, ಹತ್ತಿರದ್ದೆಲ್ಲ ಕಲಸಿಹೋಗಿತ್ತು. ಬಸ್ಸಿನಲ್ಲಿ ಕಿಟಕಿಯ ಸೀಟನ್ನು ನನಗೆ ಬಿಟ್ಟುಕೊಟ್ಟು, ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಘಾಟಿ ಹತ್ತುವ ಮೊದಲೇ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಸಕಲೇಶಪುರದಲ್ಲಿ ಅರ್ಧ ಬಸ್ಸು ಇಳಿದು, ಅಷ್ಟೇ ಜನ ಹತ್ತಿದರೂ ಅವಳಿಗೆ ಎಚ್ಚರವಾಗಲಿಲ್ಲ. ಬಾಳ್ಳುಪೇಟೆಯ ಅಂಗಡಿಗಳು ಕಂಡಾಗ ನಾನೇ ಮೆಲ್ಲಗೆ ತಟ್ಟಿ ಎಬ್ಬಿಸಿದೆ.

“ಏಳವ್ವ, ಊರು ಬಂತು.”